ಹಾಲು ಉಕ್ಕಿಸಿದವಳು

ನಾವು ಆ ಬಾಡಿಗೆ ಮನೆಗೆ ಕಾಲಿಟ್ಟ ದಿನವೇ ಶಿರಹಟ್ಟಿಯ ಗೋಣೆಪ್ಪ ಕಾಕಾ ತೀರಿಕೊಂಡ ಸುದ್ದಿ ಬಂತು. ಹಾಲು ಉಕ್ಕಿಸುವುದಕ್ಕೆಂದು ನಾನು ಇಳಕಲ್ ಸೀರೆ ಉಟ್ಟು, ಹೊಸ ಪಾತೇಲಿ ತೊಳೆದಿಟ್ಟುಕೊಂಡು ಕಾಯುತ್ತಿದ್ದೆ. ಅಷ್ಟರಲ್ಲಿ ನನ್ನ ಅಣ್ಣ ಗವಿಸಿದ್ದಪ್ಪ, ಆ ಮನೆಯ ಮಾಲಕ, ಅಪಾರ್ಟ್‌ಮೆಂಟಿನ ಗೇಟಿನ ಹೊರಗೆ ಕಾರು ನಿಲ್ಲಿಸಿಕೊಂಡೇ ಫೋನ್ ಮಾಡಿದ.

“ಗೋಣೆಪ್ಪ ಕಾಕಾ ಹೋಗಿಬಿಟ್ಟನವಾ ರೇಣುಕಾ. ನಸುಕಿನ್ಯಾಗ ಖಬರ ಬಂತು. ನಮಗ ಸೂತಕ, ನಾವು ಒಳಗ ಬರೂ ಹಂಗಿಲ್ಲ. ನೀ ಕೊಟ್ಟ ಹೆಣ್ಣಮಗಳು, ನಿನಗ ಹತ್ತೂದಿಲ್ಲ. ನೀನ ಹಾಲು ಉಕ್ಕಿಸಿಬಿಡು.”

“ಹಂಗಾರ ನಾನೂ ಮಣ್ಣಿಗೆ ಬರತೇನಿ ತಡಿ ಅಣ್ಣಾ.”

“ಬ್ಯಾಡವಾ. ಒಳ್ಳೆ ಕೆಲಸ ಅರ್ಧಕ್ಕ ಬಿಡಬಾರದು. ಮನಿ ಮಗಳು ನೀನು, ನಿನ್ನ ಕೈಯಾಗ ಹಾಲು ಉಕ್ಕಿದರ ನಮಗೂ ಚಲೋ.”

ಮನೆ ಮಗಳು ಎಂದನಲ್ಲ, ನನಗೆ ಕಣ್ಣು ತುಂಬಿ ಬಂತು. ಗ್ಯಾಲರಿಗೆ ಹೋಗಿ ಕೆಳಗೆ ನೋಡಿದೆ. ಕಾರಿನ ಪಕ್ಕ ಅಣ್ಣ, ಅವನ ಹೆಂಡತಿ ಸುಮಿತ್ರವ್ವ ವೈನಿ ಇಬ್ಬರೂ ನಿಂತು ಮೇಲೆ ನೋಡುತ್ತಿದ್ದರು. ಕೈ ಬೀಸಿದೆ. ಒಳಗೆ ಬಂದು ಒಲೆ ಹಚ್ಚಿದೆ, ಹಾಲು ಪೂರ್ವಕ್ಕೇ ಉಕ್ಕಿ ಚೆಲ್ಲಿತು. ನಮ್ಮನೆಯವರು ವೀರೇಶ, ಬಸ್ ಕಂಡಕ್ಟರ್, ಆ ದಿನ ರಜೆ ಹಾಕಿದ್ದರು. ಇಬ್ಬರೇ ಕುಳಿತು ಆ ಹಾಲಿಗೆ ಸಕ್ಕರೆ ಹಾಕಿಕೊಂಡು ಕುಡಿದೆವು. ಮುಂದೆ ಕಾಕಾನ ದಿನಕರ್ಮಕ್ಕೂ ಅಣ್ಣ ನನ್ನನ್ನು ಕರೆಯಲಿಲ್ಲ, ಕೇಳಿದರೆ ಎಲ್ಲ ಮುಗಿಯಿತು ಎಂದ.

ಗದಗಿನ ಮುಳಗುಂದ ನಾಕಾದ ಆಚೆ ಹೊಸದಾಗಿ ಎದ್ದ ಕಟ್ಟಡ ಅದು. ಲಿಫ್ಟು, ಗೇಟು, ಗೇಟಿಗೊಬ್ಬ ವಾಚ್‌ಮನ್. ಮೇಲಿನ ಮಹಡಿಯ ಮೂಲೆಯ ಮನೆ ನಮ್ಮದು. ಅದಕ್ಕೂ ಮೊದಲು ನಾವು ಬೆಟಗೇರಿಯಲ್ಲಿ ನೇಕಾರರ ಓಣಿಯ ಒಂದು ಹಳೆಯ ಮನೆಯ ಮಾಳಿಗೆಯಲ್ಲಿದ್ದೆವು. ಕಲ್ಲಿನ ಮೆಟ್ಟಿಲು, ಒಂದೊಂದೂ ಮೊಳಕಾಲೆತ್ತರ. ಆ ಮೆಟ್ಟಿಲಲ್ಲೇ ನನ್ನ ಎರಡು ಬಸಿರು ಹೋದವು. ಮೆಟ್ಟಿಲಿಂದಲೇ ಹೋದವೆಂದು ಡಾಕ್ಟರು ಹೇಳಲಿಲ್ಲ, ನಾನು ಹೇಳುತ್ತೇನೆ. ಮದುವೆಯಾಗಿ ಹನ್ನೆರಡು ವರ್ಷ, ಮಡಿಲು ಖಾಲಿ. ಜಂಪರು ಹೊಲಿಯುತ್ತ ಕೂತಿದ್ದರೆ ಬಂದವರೆಲ್ಲ ಅಳತೆ ಕೊಟ್ಟು, ಹೋಗುವಾಗ ಒಂದೊಂದು ದೇವರ ಹೆಸರು ಹೇಳಿ ಹೋಗುತ್ತಿದ್ದರು.

ಮುಂಡರಗಿಯಲ್ಲಿರುವ ಅಣ್ಣ ಪಂಚಮಿಗೆ ಕರೆಯಲು ಬಂದಾಗ ಈ ಮನೆಯ ಮಾತು ತೆಗೆದ. ಮೆಣಸಿನಕಾಯಿ ವ್ಯಾಪಾರ ಕೈಗೂಡಿ, ಮಗ ಹುಲಿಗೇಶನಿಗೆಂದು ತೆಗೆದುಕೊಂಡ ಮನೆ. ಹುಲಿಗೇಶನಿಗೆ ಆಗಷ್ಟೇ ಮದುವೆಯಾಗಿತ್ತು, ಸೊಸೆ ಮಾಯಾ ಲಕ್ಷ್ಮೇಶ್ವರದವಳು.

“ಅವರು ಇನ್ನೊಂದು ವರ್ಷ ನಮ್ಮ ಕೂಡ ಮುಂಡರಗ್ಯಾಗ ಇರತಾರ. ಅಲ್ಲೀತನಕ ನೀವಿರ್ರಿ. ಖಾಲಿ ಮನಿ ಇಡಬಾರದಂತ,” ಎಂದ ಅಣ್ಣ.

ನಮ್ಮನೆಯವರು ಬಾಡಿಗೆ ಕೊಡದೆ ಒಂದು ದಿನವೂ ಇರುವುದಿಲ್ಲ ಎಂದು ಹಟ ಹಿಡಿದರು. ಕರಾರು ಪತ್ರ ಆಯಿತು, ಸಹಿ ಆಯಿತು. ನನ್ನ ಲಕ್ಷ್ಯ ಅದರ ಮೇಲಿರಲಿಲ್ಲ, ಲಿಫ್ಟಿನ ಮೇಲಿತ್ತು. ಯಾಕೆಂದರೆ ಆಗ ನನಗೆ ಎರಡು ತಿಂಗಳಾಗಿತ್ತು. ಈ ಸಲ ಮೆಟ್ಟಿಲು ಹತ್ತುವ ಹಾಗೇ ಇಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಐದು ತುಂಬುವ ತನಕ ಬಸಿರಿನ ಸುದ್ದಿ ಬಾಯಿಬಿಡಬಾರದು ಎನ್ನುವುದು ನಮ್ಮವರ ರೂಢಿ. ಎರಡು ಸಲ ಸುಟ್ಟುಕೊಂಡವಳು ನಾನು, ಗೋಡೆಗೂ ಹೇಳಿರಲಿಲ್ಲ. ಅಣ್ಣನಿಗೂ ಹೇಳಲಿಲ್ಲ. ದೇವರೇ ಇವನ ಬಾಯಲ್ಲಿ ಲಿಫ್ಟಿನ ಮನೆ ಕೊಡಿಸಿದ ಎಂದುಕೊಂಡೆ. ಎಂಥ ಹುಚ್ಚಿ ನಾನು.

ವಾಚ್‌ಮನ್ ಮಹಬೂಬಸಾಬ ಆ ಕಟ್ಟಡಕ್ಕೆ ಪಾಯ ತೆಗೆಯುವಾಗಿನಿಂದ ಅಲ್ಲೇ ಕಾವಲಿಗಿದ್ದವನು. ಗೇಟಿನಿಂದ ಪ್ರತಿ ಮನೆಗೂ ಒಂದು ಫೋನು. ಯಾರೇ ಬಂದರೂ ಮೊದಲು ಕೇಳುತ್ತಿದ್ದ, “ಅಕ್ಕಾರ, ಜಂಪರ ಹೊಲಿಸಾಕ ಬಂದಾರ್ರಿ, ಬಿಡಲೇನ್ರಿ?” ಬೆಟಗೇರಿಯಲ್ಲಿ ಕಂಡಕಂಡವರೆಲ್ಲ ಅಡುಗೆಮನೆಯ ತನಕ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಿದ್ದರು. ಇಲ್ಲಿ ನನ್ನ ಅಪ್ಪಣೆ ಬೇಕು. ಖರೆ ಹೇಳುತ್ತೇನೆ, ನನಗೆ ಒಂದಿಷ್ಟು ಸೊಕ್ಕು ಬಂದಿತ್ತು.

“ಇನ್ನ ಮ್ಯಾಲ ನಾ ಬಂದರೂ ನಿನ್ನ ಕೇಳೇ ಬಿಡತಾನೋ ಏನೋ,” ಎಂದು ನಮ್ಮನೆಯವರು ಕಾಡುತ್ತಿದ್ದರು.

“ಜಲ್ದಿ ಬಂದರ ಬಿಡ್ರಿ, ತಡಾ ಆದರ ಬಸ್‌ಸ್ಟ್ಯಾಂಡಿಗೇ ವಾಪಸ್ ಕಳಸ್ರಿ ಅಂತ ಹೇಳೇನಿ,” ಎನ್ನುತ್ತಿದ್ದೆ.

ಅಣ್ಣ ವಾರಕ್ಕೊಮ್ಮೆ ಗದಗಿನ ಮಾರುಕಟ್ಟೆಗೆ ಬಂದವನು ತಪ್ಪದೆ ನಮ್ಮ ಗೇಟಿಗೆ ಬರುತ್ತಿದ್ದ. ಗೇಟಿಗೆ ಅಷ್ಟೆ. ಮಹಬೂಬಸಾಬನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತು ಜೋಳ, ಶೇಂಗಾ, ಬದನೆಕಾಯಿ ಎಲ್ಲವನ್ನೂ ಅವನ ಕೈಯಲ್ಲೇ ಮೇಲೆ ಕಳಿಸುತ್ತಿದ್ದ. ಮೇಲೆ ಬಾ ಎಂದರೆ ಒಂದೇ ಮಾತು, “ಆ ಲಿಫ್ಟಿನ್ಯಾಗ ನನಗ ದಮ್ಮ ಹತ್ತತೈತವಾ. ಮೆಟ್ಟಲಾ ಹತ್ತೂಣಂದ್ರ ಮಣಕಾಲು ಕೇಳೂದಿಲ್ಲ.” ನಾನು ಚಹಾ ತೆಗೆದುಕೊಂಡು ಕೆಳಗೆ ಹೋಗುತ್ತಿದ್ದೆ. ಇಂಥ ಅಣ್ಣ ಯಾರಿಗೆ ಸಿಗುತ್ತಾನೆ ಎಂದು ಮಹಬೂಬಸಾಬನ ಮುಂದೆ ಹೊಗಳುತ್ತಿದ್ದೆ. ಆ ಮನುಷ್ಯ “ಹೌದ್ರಿ ಅಕ್ಕಾರ” ಎಂದು ಬೇರೆ ಕಡೆ ನೋಡುತ್ತಿದ್ದ.

ಅಕ್ಕಪಕ್ಕದವರು ಮಾತ್ರ ಬಿಗಿ. ಒಂದು ದಿನ ಎದುರು ಮನೆಯ ಕೂಸು ಅಂಬೆಗಾಲಿಟ್ಟು ನನ್ನ ಹೊಸ್ತಿಲ ತನಕ ಬಂತು. ಅದರ ತಾಯಿ ಓಡಿ ಬಂದು ಹಾವು ಕಂಡವಳಂತೆ ಎತ್ತಿಕೊಂಡು ಹೋದಳು. ಮಕ್ಕಳಿಲ್ಲದವಳ ಕಣ್ಣು ಬೀಳುತ್ತದೆ ಎಂದು ಹಾಗೆ ಮಾಡಿದಳೆಂದು ತಿಳಿದು ಆ ದಿನ ಮಷಿನ್ನಿನ ಮುಂದೆ ಕುಳಿತು ಅತ್ತೆ. ಅತ್ತು ಮುಗಿದ ಮೇಲೆ ಅವಳಿಗೆ ಮನಸ್ಸಿನಲ್ಲೇ ಚೆನ್ನಾಗಿ ಬೈದೆ.

ಐದು ತುಂಬಿತು. ಮೊದಲ ಸಕ್ಕರೆ ಅಣ್ಣನಿಗೇ ಕೊಡಬೇಕೆಂದು ಅವನು ಬರುವ ದಿನಕ್ಕಾಗಿ ಕಾದು, ಬಟ್ಟಲು ಹಿಡಿದು ಕೆಳಗೆ ಹೋದೆ. ಅವನ ಅಂಗೈಯಲ್ಲಿ ಸಕ್ಕರೆ ಇಟ್ಟು ಹೇಳಿದೆ. ಅವನು ಬಾಯಿಗೆ ಹಾಕಿಕೊಳ್ಳಲಿಲ್ಲ.

“ಎಷ್ಟನೇದು?”

“ಐದು ತುಂಬೇತಿ ಅಣ್ಣಾ. ಇಲ್ಲಿಗೆ ಬರೂಮುಂದನ ಇತ್ತು.”

“ಮದಲ ಹೇಳಬೇಕಿತ್ತಲ್ಲ ನೀ,” ಎಂದ. ಕಣ್ಣಲ್ಲಿ ನೀರಾಡಿತು. “ಮದಲ ಹೇಳಬೇಕಿತ್ತು ತಂಗಿ.”

ಖುಷಿಗೆ ಬಂದ ನೀರು ಎಂದುಕೊಂಡೆ. ಚಹಾ ಕುಡಿಯದೆ ಎದ್ದು ಹೋದ. ವಾರ ಕಳೆದು ಫೋನ್ ಮಾಡಿ, ಏಳನೇ ತಿಂಗಳಲ್ಲಿ ತಾನೇ ಕುಬಸ ಮಾಡುವುದಾಗಿ ಹೇಳಿದ. ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಆರತಿ ಮಾಡುವ ಕಾರ್ಯ ಅದು. ಅಪ್ಪ ಅವ್ವ ಇಬ್ಬರೂ ಇಲ್ಲದ ನನಗೆ ತವರೆಂದರೆ ಅವನೇ. “ಮನಿಯಾಗ ಗದ್ದಲ ಬ್ಯಾಡ. ಕೆಳಗ ಗಾಡಿ ನಿಲ್ಲಸೂ ಜಾಗಾದಾಗ ಪೆಂಡಾಲ ಹಾಕಸೂಣು,” ಎಂದ. ಕಾರ್ಯವನ್ನು ಗಾಡಿ ನಿಲ್ಲಿಸುವ ಜಾಗದಲ್ಲಿ ಯಾರು ಮಾಡುತ್ತಾರೆ ಎಂದು ಕೇಳಬೇಕಿತ್ತು. ಮಂದಿ ಜಾಸ್ತಿ ಕರೆಯುತ್ತಾನೆ ಎಂದು ಉಬ್ಬಿ ಹೋದೆ.

ಕುಬಸಕ್ಕೆ ಇನ್ನೆರಡು ದಿನ ಇರುವಾಗ ಮಧ್ಯಾಹ್ನ ಗೇಟಿನ ಫೋನು ಬಂತು.

“ಅಕ್ಕಾರ, ಹಿರ್ಯಾರು ಒಬ್ಬರು ಬಂದಾರ್ರಿ. ಭಾಳ ಸಿಟ್ಟನ್ಯಾಗ ಅದಾರ. ಶಿರಹಟ್ಟಿ ಗೋಣೆಪ್ಪ ಅಂತ ಹೇಳು ಅಂತಾರ. ಬಿಡಲೇನ್ರಿ?”

“ಯಾವ ಗೋಣೆಪ್ಪ?”

ಫೋನಿನಲ್ಲಿ ಹಿಂದಿನಿಂದ ದನಿ ಕೇಳಿಸಿತು: “ಎಷ್ಟ ಮಂದಿ ಗೋಣೆಪ್ಪ ಅದಾರಂತ ಆಕಿಗೆ? ನಾ ಅಂದರ ನಾನ.”

ಬಿಡು ಎಂದು ಫೋನಿಟ್ಟೆ. ಬಾಗಿಲು ತೆರೆದರೆ ಕಾಕಾ ನಿಂತಿದ್ದಾನೆ, ತಲೆಗೆ ಬಿಳಿ ಪಟಗ ಸುತ್ತಿದ್ದಾನೆ, ಬಗಲಲ್ಲಿ ಕೊಡೆ, ಸತ್ತವನ ಯಾವ ಲಕ್ಷಣವೂ ಇಲ್ಲ. ಒಳಗೆ ಬಂದು ಕುಳಿತದ್ದೇ ತಡ, ಶುರು ಮಾಡಿದ.

“ಅಂತೂರ ಬೆಂತೂರದ ಬೀಗರಿಗೆ ಆಮಂತ್ರಣ ಬಂದೈತಿ, ಲಕ್ಕುಂಡಿಯವರಿಗೆ ಬಂದೈತಿ, ನನಗ ಇಲ್ಲ. ನಿಮ್ಮಪ್ಪ ಇದ್ದಿದ್ದರ ಮದಲ ನನಗ ಹೇಳತಿದ್ದ. ನಾ ಏನ ಸತ್ತೇನಿ ಅಂತ ತಿಳಕೊಂಡೀರೇನು?”

“ಹೌದ ಕಾಕಾ,” ಎಂದೆ. ಬೇರೆ ಏನು ಹೇಳಲಿ?

ಅವನು ಒಂದು ಗಳಿಗೆ ನನ್ನ ಮುಖ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ನಗು ಬಂತು. ಚಹಾ ಮಾಡಿಕೊಟ್ಟೆ. “ಯಾರಂದರವಾ ಹಂಗಂತ?” ಎಂದ. ಹಾಲು ಉಕ್ಕಿಸಿದ ದಿನದ ಕಥೆಯೆಲ್ಲ ಹೇಳಿದೆ, ಸೂತಕವೆಂದು ಅಣ್ಣ ಗೇಟಿನಲ್ಲೇ ನಿಂತದ್ದು, ನಾನೇ ಒಲೆ ಹಚ್ಚಿದ್ದು. ಹೇಳುತ್ತ ಹೋದಂತೆ ಅವನ ನಗು ನಿಂತಿತು. ಕಪ್ಪು ಕೆಳಗಿಟ್ಟ.

“ಇದು ಗವಿಸಿದ್ದನ ಮನಿ ಏನ? ನೀ ಬ್ಯಾರೆ ಯಾರದೋ ಹಿಡದಿ ಅಂತ ಮಾಡಿದ್ದೆ. ಅವಂದು ಮೂಲಿ ಮನಿ ಅಲ್ಲ?”

“ಇದ ಮೂಲಿ ಮನಿ ಕಾಕಾ.”

ಅವನು ಎದ್ದು ನಿಂತುಬಿಟ್ಟ. ನನ್ನ ಹೊಟ್ಟೆ ನೋಡಿದ. ಹೇಳುವುದೋ ಬಿಡುವುದೋ ಎಂದು ಒದ್ದಾಡಿದ. ನಾನು ಬಾಗಿಲಿಗೆ ಅಡ್ಡ ನಿಂತು, ಹೇಳದೆ ಹೋಗಗೊಡುವುದಿಲ್ಲ ಎಂದೆ.

“ಕಟ್ಟೂಮುಂದ ಗೌಂಡಿಗಳ ಕೂಸೊಂದು ಈ ಗ್ಯಾಲರಿಯಿಂದ ಬಿದ್ದ ಸತ್ತಿತ್ತಂತ,” ಎಂದ. “ಅದು ತಿಳದು ನಿಮ್ಮಣ್ಣ ಹೆದರಿದ. ನಾನ ಅವನ್ನ ಶಾಸ್ತ್ರಿ ಕಡೆ ಕರಕೊಂಡ ಹೋದೆ. ಮದಲ ಯಾರ ಇಲ್ಲಿ ಒಲಿ ಹಚ್ಚತಾರ ಅವರ ಮನಿಯಾಗಿನ ಒಂದು ಕೂಸು ಹೋಗತೈತಿ, ಆಮ್ಯಾಲ ಮನಿ ಸುಮ್ಮಾಗತೈತಿ ಅಂದ ಶಾಸ್ತ್ರಿ. ಮಾರಿಬಿಡೋ ಇದನ್ನ ಅಂತ ನಾ ಬಡಕೊಂಡೆ. ಹೂಂ ಅಂದಿದ್ದ ನಿಮ್ಮಣ್ಣ. ನಿನಗ ಕೊಡತಾನ ಅಂತ ನನಗ ಗೊತ್ತಿರಲಿಲ್ಲವಾ.”

ಕಾಕಾ ಹೋದ ಮೇಲೆ ನಾನು ಲಿಫ್ಟಿನಲ್ಲಿ ಇಳಿದು ಮಹಬೂಬಸಾಬನ ಮುಂದೆ ನಿಂತೆ. ಕೂಸು ಬಿದ್ದದ್ದು ಖರೆಯೇ ಎಂದು ಕೇಳಿದೆ.

“ಖರೆ ಐತ್ರಿ ಅಕ್ಕಾರ. ನಾನ ಎತ್ತಿಕೊಂಡಿದ್ದೆ. ನಾಕ ವರ್ಷದ ಹುಡಿಗಿ. ಅವರವ್ವ ಅಪ್ಪ ಮರುದಿನಾನ ಗಂಟುಮೂಟಿ ಕಟಗೊಂಡು ತಮ್ಮೂರಿಗೆ ಹೋದರು.”

“ಶಾಸ್ತ್ರಿ ಮಾತು?”

“ಇಲ್ಲಿ ಎಲ್ಲಾರಿಗೂ ಗೊತ್ತೈತ್ರಿ. ನಿಮಗೂ ಗೊತ್ತಿದ್ದ ಬಂದೀರಿ ಅಂತ ಮಾಡಿದ್ದೆ. ಆಮ್ಯಾಲ ನಿಮ್ಮಣ್ಣಾರು ಆಕಿಗೇನೂ ಹೇಳಬ್ಯಾಡ ಅಂದರು.”

“ಅಂದರ? ನಿನ್ನ ನಾಲಿಗಿ ಬಿದ್ದ ಹೋಗಿತ್ತೇನ ಸಾಬಾ? ನನ್ನ ಕೈಯಾಗಿನ ಚಹಾ ಎಷ್ಟ ಕುಡದಿ.”

ತರಕಾರಿಯವನನ್ನು ಬಿಡಲೋ ಬೇಡವೋ ಎಂದು ದಿನಕ್ಕೆ ಹತ್ತು ಸಲ ಕೇಳುವ ಮನುಷ್ಯ, ಇದೊಂದನ್ನು ನನ್ನ ತನಕ ಬರಗೊಟ್ಟಿರಲಿಲ್ಲ. ಎದುರು ಮನೆಯವಳೂ ತನ್ನ ಕೂಸನ್ನು ನನ್ನ ಕಣ್ಣಿನಿಂದ ಎಳೆದುಕೊಂಡಿರಲಿಲ್ಲ, ಈ ಹೊಸ್ತಿಲಿನಿಂದ ಎಳೆದುಕೊಂಡಿದ್ದಳು. ಇಡೀ ಕಟ್ಟಡ ನನ್ನ ಹೊಟ್ಟೆ ಬೆಳೆಯುವುದನ್ನು ನೋಡುತ್ತ ಕಾಯುತ್ತಿತ್ತು.

ಸಂಜೆ ನಮ್ಮನೆಯವರಿಗೆ ಎಲ್ಲ ಹೇಳಿದೆ. ಅವರು ಕಂಡಕ್ಟರ್ ಚೀಲ ತೆಗೆಯದೆ ಹಾಗೇ ಕುಳಿತು ಕೇಳಿದರು.

“ಶಾಸ್ತ್ರಿ ಹೇಳಿದ್ದು ಸುಳ್ಳು,” ಎಂದರು. “ಆದರ ನಿಮ್ಮಣ್ಣ ಮಾಡಿದ್ದು ಖರೆ ಐತಿ.”

ನನಗೂ ಶಾಸ್ತ್ರಿಯ ಮಾತಿನಲ್ಲಿ ನಂಬಿಕೆ ಇಲ್ಲ. ಆಣೆ ಮಾಡಿ ಹೇಳುತ್ತೇನೆ, ಇಲ್ಲ. ಆದರೂ ಆ ದಿನದಿಂದ ಕೂಸು ಸ್ವಲ್ಪ ಹೊತ್ತು ಹೊರಳದಿದ್ದರೆ ಹೊಲಿಗೆ ನಿಲ್ಲಿಸಿ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಗ್ಯಾಲರಿಯ ಬಾಗಿಲು ಹಾಕಿಬಿಟ್ಟೆ. ನನ್ನ ಅಣ್ಣ ಅದನ್ನು ನಂಬಿದ್ದ. ನಂಬಿ, ಗೊತ್ತಿದ್ದೂ ಗೊತ್ತಿದ್ದೂ, ನನ್ನ ಕೈಯಿಂದ ಒಲೆ ಹಚ್ಚಿಸಿದ್ದ. ಫೋನ್ ಮಾಡಿ ಬೈಯಬಹುದಿತ್ತು. ಮಾಡಲಿಲ್ಲ. ಅವನ ಮುಖ ನೋಡಿ ಕೇಳಬೇಕಾಗಿತ್ತು.

ಕುಬಸದ ದಿನ ಮಂದಿ ಬರುವುದಕ್ಕಿಂತ ಮೊದಲೇ ಅಣ್ಣ, ವೈನಿ, ಮಾಯಾ ಬಂದರು. ಪೆಂಡಾಲು ಹಾಕಿಯಾಗಿತ್ತು. ಹುಲಿಗೇಶ ಊಟದವರನ್ನು ಕರೆತರಲು ಹೋಗಿದ್ದ. ತಾಟಿನಲ್ಲಿ ಹಸಿರು ಸೀರೆ, ಹಸಿರು ಬಳೆ, ಒಣಕೊಬ್ಬರಿ ಬಟ್ಟಲು, ಉತ್ತತ್ತಿ. ನಾನು ಮನೆಯಲ್ಲುಡುವ ಹಳೆಯ ಸೀರೆಯಲ್ಲೇ ಇಳಿದೆ. ನಮ್ಮನೆಯವರು ನನ್ನ ಹಿಂದೆ ನಿಂತರು.

“ಇದೇನವಾ, ಇನ್ನೂ ತಯಾರಾಗಿಲ್ಲ?” ಎಂದಳು ವೈನಿ.

“ಮ್ಯಾಲ ಬರ್ರಿ ವೈನಿ. ಕುಂಡ್ರೂ ಮಣಿ ಮನಿಯಾಗ ಹಾಕೇನಿ. ಬಾ ಮಾಯಾ, ನೀ ಒಂದ ಸಲಾನೂ ಮನಿ ನೋಡಿಲ್ಲ. ನಿನ್ನದ ಮನಿ ಅದು.”

ಪಾಪ, ಏನೂ ಅರಿಯದ ಹುಡುಗಿ, ನಗುತ್ತ ಲಿಫ್ಟಿನ ಕಡೆ ಹೊರಟಳು. ಅಣ್ಣ ದಡಕ್ಕನೆ ಮುಂದೆ ಬಂದು ಅಡ್ಡ ನಿಂತ.

“ಆಕಿ ಬರೂದಿಲ್ಲ.”

“ಯಾಕ ಅಣ್ಣಾ? ಆಕಿಗೂ ಲಿಫ್ಟಿನ್ಯಾಗ ದಮ್ಮ ಹತ್ತತೈತೇನ?”

“ಆಕಿ ಬಸರದಾಳವಾ,” ಎಂದು ವೈನಿ ಸಣ್ಣ ದನಿಯಲ್ಲಿ ಹೇಳಿದಳು. “ಮೂರು ತಿಂಗಳು. ಇನ್ನೂ ಯಾರಿಗೂ ಹೇಳಿಲ್ಲ.”

“ಗೋಣೆಪ್ಪ ಕಾಕಾ ಮೊನ್ನೆ ಬಂದಿದ್ದ,” ಎಂದೆ. “ಚಹಾ ಕುಡದು ಹೋದ.”

ಅಣ್ಣ ಹಿಂದೆ ಸರಿದು ಮಹಬೂಬಸಾಬನ ಕುರ್ಚಿಯ ಮೇಲೆ ಕುಳಿತ. ಆ ಕುರ್ಚಿಯ ಮೇಲೆ ಅವನನ್ನು ಎಷ್ಟು ಸಲ ನೋಡಿದ್ದೆ, ಎಷ್ಟು ಪ್ರೀತಿಯಿಂದ ನೋಡಿದ್ದೆ. ನನ್ನ ಅಪ್ಪನದೇ ಮುಖ ಅವನದು. ಅವನು ಸುಳ್ಳಾದರೂ ಹೇಳಲಿ, ಗೋಣೆಪ್ಪ ಮುದುಕನಿಗೆ ಅರಳು ಮರಳು ಎನ್ನಲಿ, ನಾನು ನಂಬಿಬಿಡುತ್ತೇನೆ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

“ನಿನಗ ಮಕ್ಕಳಿರಲಿಲ್ಲವಾ,” ಎಂದ.

ನನಗೆ ಕೂಡಲೇ ಅರ್ಥವಾಗಲಿಲ್ಲ.

“ಹನ್ನೆರಡು ವರ್ಷ ಆತು, ಆಗಿರಲಿಲ್ಲ. ಕೂಸ ಇಲ್ಲದವರಿಗೆ ಅದು ಏನ ಮಾಡತೈತಿ? ನಿಮಗೂ ಒಂದು ಚಲೋ ಮನಿ ಆಗತೈತಿ, ವರ್ಷ ಕಳದರ ಅದೂ ತಣ್ಣಗಾಗತೈತಿ ಅಂತ ಮಾಡಿದ್ದೆ. ನಿನಗ ಕೇಡ ಬಯಸಿಲ್ಲ ತಂಗಿ. ನಮ್ಮವ್ವನಾಣೆ ಬಯಸಿಲ್ಲ.”

ಅಂದರೆ ಇಷ್ಟು ವರ್ಷ ನನ್ನ ಜೊತೆ ಗುಡಿಗುಡಿಗೆ ಬಂದು ಹರಕೆ ಹೊತ್ತವನು, ಮನಸ್ಸಿನಲ್ಲಿ ನನ್ನ ಲೆಕ್ಕ ಚುಕ್ತಾ ಮಾಡಿಬಿಟ್ಟಿದ್ದ. ಇವಳಿಗೆ ಆಗುವುದಿಲ್ಲ, ಇವಳಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲ ಎಂದು. ಬಂಜೆ ಎಂದು ಓಣಿಯವರು ಅಂದಿದ್ದರು, ಅತ್ತೆ ಅಂದಿದ್ದಳು. ಅವರಿಗೆಲ್ಲ ತಿರುಗಿ ಅಂದು ಗೆದ್ದಿದ್ದೆ. ಇವನು ಬಾಯಿಬಿಟ್ಟು ಒಂದು ದಿನವೂ ಅನ್ನದೆ ಮನೆ ಕೊಟ್ಟಿದ್ದ.

“ನಾ ಸಕ್ಕರಿ ಕೊಟ್ಟೆನಲ್ಲ ಅಣ್ಣಾ, ಆವತ್ತು ಯಾಕ ಹೇಳಲಿಲ್ಲ? ಮನಿ ಬಿಟ್ಟ ಹೋಗು ಅಂತ ಒಂದ ಮಾತು. ಕಾರಣ ಕೇಳದ ಹೋಗತಿದ್ದೆ.”

ವೈನಿ ತಾಟಿನ ಮೇಲಿನ ಸೀರೆಯ ಸೆರಗನ್ನು ಸರಿ ಮಾಡುತ್ತಲೇ ಇದ್ದಳು. ನನಗೆ ಅಳು ಬರುತ್ತಿತ್ತು, ಇವರ ಮುಂದೆ ಅಳಬಾರದೆಂದು ತುಟಿ ಕಚ್ಚಿದೆ.

“ಆತು ಬಿಡು,” ಎಂದೆ. “ನಾಳೆ ಖಾಲಿ ಮಾಡತೇವಿ. ಬೆಟಗೇರಿ ಮನಿ ಇನ್ನೂ ಖಾಲಿ ಐತಂತ. ಮೆಟ್ಟಲಾ ಹತ್ತಿಸಿ ಇವರು ಒಂದ ಸಲ ನನ್ನ ಕುಂಡ್ರಿಸಿದರ, ಹೆರಗಿಗೇ ಇಳೀತೇನಿ.”

ಅಣ್ಣ ಗಾಬರಿಯಾಗಿ ಕುರ್ಚಿಯಿಂದ ಎದ್ದ. ನನ್ನ ಎರಡೂ ಕೈ ಹಿಡಿದುಕೊಂಡ.

“ಹಂಗ ಮಾಡಬ್ಯಾಡವಾ. ನಿನ್ನ ಕಾಲ ಬೀಳತೇನಿ. ಹೆರಗಿ ಆಗೂತನಕಾರ ಇರು.”

ಆ ಮನೆಗೆ ಒಂದು ಕೂಸು ಹೋಗಲೇಬೇಕಾದರೆ ಮಾಯಾಳದಲ್ಲ, ನನ್ನದೇ ಹೋಗಲಿ ಎಂದು ತಾನು ಹೇಳಿದ್ದು ಅವನಿಗೇ ಕೇಳಿಸಲಿಲ್ಲ. ವೈನಿಗೆ ಕೇಳಿಸಿತು, ಸೆರಗು ಬಾಯಿಗೆ ಒತ್ತಿಕೊಂಡಳು. ನಮ್ಮನೆಯವರು ಬಂದು ಅವನ ಕೈಯಿಂದ ನನ್ನ ಕೈ ಬಿಡಿಸಿದರು. ಮಹಬೂಬಸಾಬ ಗೇಟಿನ ಕಡೆ ತಿರುಗಿ ನಿಂತ.

ಮಾಯಾ ಮಾತ್ರ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದಳು. ಅವಳ ಕೈ ತಾನಾಗಿಯೇ ತನ್ನ ಹೊಟ್ಟೆಯ ಮೇಲೆ ಬಂದಿತ್ತು.

“ಯಾಕ್ರಿ ಮಾವಾರ?” ಎಂದಳು. “ಹೆರಗಿ ಆಗೂತನಕ ಯಾಕ?”

ಅಣ್ಣ ನನ್ನ ಮುಖ ನೋಡಿ ಕೈ ಮುಗಿದ, ಹೇಳಬೇಡ ಎಂದು. ಅವನು ನನಗೆ ಕೈ ಮುಗಿದದ್ದು ಅದೇ ಮೊದಲು. ನಾನು ಮಾಯಾಳನ್ನು ಪೆಂಡಾಲಿನ ಕುರ್ಚಿಯ ಮೇಲೆ ಕೂಡಿಸಿದೆ, ಪಕ್ಕದಲ್ಲಿ ನಾನೂ ಕುಳಿತೆ. ಆಮೇಲೆ ಮೊದಲಿನಿಂದ ಎಲ್ಲವನ್ನೂ ಅವಳಿಗೆ ಹೇಳಿದೆ.